ಔಷಧಶಾಸ್ತ್ರದ ಪ್ರವೇಶವೂ ನಮ್ಮ ಹೆಣ್ಣುಮಕ್ಕಳ ನಿರೀಕ್ಷೆಯೂ

ಕಾದಿರುವುದೆಂಬುದು ನಮ್ಮ ಕರಾವಳಿಯ ಜನರಿಗೆ ಹೊಸತಾದ ಸಂಗತಿಯಲ್ಲ. ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರ ವರೆಗೆ 61 ದಿನಗಳ ಕಾಲ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಕಾರವಾರದ ಬೈತಖೋಲದಲ್ಲಿಯೂ ಅಂಕೋಲೆಯ ಬೇಲೇಕೇರಿಯಲ್ಲಿಯೂ ದೋಣಿಗಳು ದಡ ಸೇರಿ ನಿಲ್ಲುವವು. ಆದರೆ ಆ ದಿನಗಳಲ್ಲಿ ಮೀನುಗಾರನು ಕೈಕಟ್ಟಿ ಕುಳಿತುದನ್ನು ಕಂಡವರುಂಟೇ? ಬಲೆಯ ಹರಕನ್ನು ಹೊಲಿಯುವನು. ಯಂತ್ರವನ್ನು ಬಿಚ್ಚಿ ಒರೆಸುವನು. ದೋಣಿಗೆ ಬಣ್ಣ ಬಳಿಯುವನು. ಇದಕ್ಕೆ ಕಾರಣವೇನೆಂದರೆ, ತಾನು ಎಲ್ಲಿಯವರೆಗೆ ಕಾಯಬೇಕೆಂಬುದು ಆತನಿಗೆ ಗೊತ್ತಿರುವುದು. ಆಗಸ್ಟ್ ತಿಂಗಳ ಮೊದಲ ದಿನ ಕಡಲು ತನಗೆ ತೆರೆಯುವುದೆಂಬ ನಂಬಿಕೆಯೇ ಆತನ ಕೈಗಳಿಗೆ ಕೆಲಸವನ್ನು ಒದಗಿಸುವುದು. ದಿನವನ್ನರಿತು ಕಾಯುವುದು ಒಂದು ಬಗೆಯ ದುಡಿಮೆಯಾದರೆ, ದಿನವನ್ನರಿಯದೆ ಕಾಯುವುದು ಒಂದು ಬಗೆಯ ಸೆರೆವಾಸ.

ಅದೇ ಮಳೆಗಾಲದ ತಿಂಗಳುಗಳಲ್ಲಿ ನಮ್ಮ ಊರುಗಳ ಅನೇಕ ಮನೆಗಳಲ್ಲಿ ಈ ಎರಡನೆಯ ಬಗೆಯ ನಿರೀಕ್ಷೆ ನಡೆದಿರುತ್ತದೆ. ಹತ್ತನೆಯ ವರ್ಗವನ್ನು ನಮ್ಮಲ್ಲಿ ಮುಗಿಸಿ, ಪಿಯುಸಿಯಲ್ಲಿ ವಿಜ್ಞಾನವನ್ನು ಓದಿ, ಔಷಧಶಾಸ್ತ್ರದ ಕಾಲೇಜಿಗೆ ಅರ್ಜಿ ಹಾಕಿ, ಪರೀಕ್ಷೆಯನ್ನೋ ಸಂದರ್ಶನವನ್ನೋ ಮುಗಿಸಿ ಬಂದ ಹೆಣ್ಣುಮಕ್ಕಳು ಉತ್ತರಕ್ಕಾಗಿ ಕಾಯುತ್ತಿರುತ್ತಾರೆ. ಈ ಸಂಚಿಕೆಯಲ್ಲಿ ಆ ನಿರೀಕ್ಷೆಯ ವಿಷಯವಾಗಿ ನಮ್ಮ ಅಭಿಪ್ರಾಯವನ್ನು ಅರಿಕೆ ಮಾಡಿಕೊಳ್ಳಬೇಕೆಂದಿದ್ದೇವೆ. ಪ್ರೌಢಶಾಲೆಯವರಿಗೆ ಕಾಲೇಜಿನ ಚಿಂತೆ ಏತಕ್ಕೆ ಎಂದು ಯಾರಾದರೂ ಕೇಳಬಹುದು. ಉತ್ತರವು ಸುಲಭವಾಗಿದೆ. ಕನ್ನಡ ಮಾಧ್ಯಮದಲ್ಲಿ ಒಂದರಿಂದ ಹತ್ತರ ವರೆಗೆ ಓದಿದವರಿಗೆ ನೂರಕ್ಕೆ 5, ಗ್ರಾಮಾಂತರದಲ್ಲಿ ಓದಿದವರಿಗೆ ನೂರಕ್ಕೆ 15 ಸೀಟುಗಳನ್ನು ರಾಜ್ಯದ ನಿಯಮವು ಕಾದಿರಿಸಿದೆ. ಅದಕ್ಕೆ ಬೇಕಾದ ವ್ಯಾಸಂಗದ ಪ್ರಮಾಣಪತ್ರಕ್ಕೆ ಶಾಲೆಯ ಮುಖ್ಯಸ್ಥರ ಸಹಿಯೂ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿಯೂ ಬೇಕು. ಆದುದರಿಂದ ಶಾಲೆಯನ್ನು ಬಿಟ್ಟುಹೋದ ಮಕ್ಕಳು ಮತ್ತೊಮ್ಮೆ ನಮ್ಮ ಕಚೇರಿಯ ಬಾಗಿಲಿಗೆ ಬರುವರು. ಬಂದವರು ಸಹಿಯನ್ನು ಮಾತ್ರ ಪಡೆದು ಹೋಗುವುದಿಲ್ಲ, ತಮ್ಮ ಮನಸ್ಸಿನಲ್ಲಿದ್ದುದನ್ನೂ ಹೇಳಿ ಹೋಗುವರು.

ಮೊದಲಿಗೆ ಈ ವಿದ್ಯೆಯು ಕಾಯಲು ಯೋಗ್ಯವಾದುದೇ ಎಂಬುದನ್ನು ನೋಡೋಣ. ಒಂದು ಕಾಲದಲ್ಲಿ ಔಷಧ ಕಟ್ಟಿಕೊಡುವವನೆಂದರೆ ದವಾಖಾನೆಯ ಕಂಪೌಂಡರನು. ಆತನು ಡಾಕ್ಟರರ ಕೈಕೆಳಗೆ ನೋಡಿ ಕಲಿತವನು. ದೇಶದಲ್ಲಿ ಮಾರಲ್ಪಡುವ ಔಷಧಗಳ ಸ್ಥಿತಿಯನ್ನು ವಿಚಾರಿಸಲು 1930ರಲ್ಲಿ ಕರ್ನಲ್ ರಾಮನಾಥ ಚೋಪ್ರಾ ಅವರ ಅಧ್ಯಕ್ಷತೆಯಲ್ಲಿ ನೇಮಿಸಲ್ಪಟ್ಟ ಸಮಿತಿಯು, ಈ ಉದ್ಯೋಗಕ್ಕೆ ತಕ್ಕ ಶಿಕ್ಷಣವೂ ಕಾಯಿದೆಯೂ ಬೇಕೆಂದು ಎತ್ತಿ ತೋರಿಸಿತು. ಕಾಶಿಯ ಹಿಂದೂ ವಿಶ್ವವಿದ್ಯಾಲಯದಲ್ಲಿ ಮಹಾದೇವ ಲಾಲ್ ಶ್ರಾಫ್ ಅವರು 1932ರಲ್ಲಿ ಈ ಶಿಕ್ಷಣಕ್ಕೆ ಅಡಿಗಲ್ಲನ್ನಿಟ್ಟರು. 1937ರಲ್ಲಿ ಅಲ್ಲಿ ಬಿ.ಫಾರ್ಮ್. ಪದವಿಯ ವರ್ಗ ಆರಂಭವಾಯಿತು. 1948ರಲ್ಲಿ ಫಾರ್ಮಸಿ ಕಾಯಿದೆ ಬಂದಿತು. ಮರುವರ್ಷ ಭಾರತೀಯ ಫಾರ್ಮಸಿ ಪರಿಷತ್ತು ಸ್ಥಾಪಿತವಾಯಿತು. ನಮ್ಮ ನೆರೆಯ ಗೋವೆಯಲ್ಲಿಯಾದರೋ ಪೋರ್ತುಗೀಜರ ಆಳಿಕೆಯಲ್ಲಿ 1842ರಲ್ಲಿ ಪಣಜಿಯ ವೈದ್ಯಶಾಲೆಯೊಡನೆಯೇ ಔಷಧ ತಯಾರಿಕೆಯ ಶಿಕ್ಷಣವೂ ಹುಟ್ಟಿತ್ತು. ಈಗ ಡಿ.ಫಾರ್ಮ್. ಎಂಬ ಡಿಪ್ಲೊಮಾಕ್ಕೆ ಎರಡು ವರ್ಷಗಳ ಓದೂ 500 ತಾಸುಗಳ ಪ್ರತ್ಯಕ್ಷ ತರಬೇತಿಯೂ ಬೇಕು, ಬಿ.ಫಾರ್ಮ್. ಪದವಿಗೆ ನಾಲ್ಕು ವರ್ಷ. 2008ರಲ್ಲಿ ಆರಂಭವಾದ ಫಾರ್ಮ್.ಡಿ.ಗೆ ಆರು ವರ್ಷ.

ಉತ್ತರ ಕನ್ನಡದ ಹೆಣ್ಣುಮಗಳಿಗೆ ಈ ವಿದ್ಯೆಯಲ್ಲಿ ವಿಶೇಷವಾದ ಅರ್ಥವುಂಟು. ಗಿಡಮೂಲಿಕೆಯ ಜ್ಞಾನವು ನಮ್ಮಲ್ಲಿ ಹಿಂದಿನಿಂದಲೂ ಇದೆ. ಅಂಕೋಲೆಯ ಬೇಳಂಬಾರಕ್ಕೆ ಲಕ್ವದ ನಾಟೀಮದ್ದಿಗಾಗಿ ದೂರದ ಊರುಗಳಿಂದ ಜನರು ಬರುವರು. ಕಾಡಿನ ಗಿಡಮರಗಳ ಗುಣವನ್ನು ಬಲ್ಲ ಹೊನ್ನಳ್ಳಿಯ ತುಳಸಿ ಗೌಡರು ಅಕ್ಷರ ಕಲಿಯದೆಯೇ ಪದ್ಮಶ್ರೀ ಪಡೆದು 2024ರ ಡಿಸೆಂಬರದಲ್ಲಿ ತೀರಿಕೊಂಡರು. ಆದರೆ ದೊಡ್ಡ ಕಾಯಿಲೆ ಬಂದರೆ ನಮ್ಮವರು ಇಂದಿಗೂ ಮಣಿಪಾಲಕ್ಕೋ ಮಂಗಳೂರಿಗೋ ಹುಬ್ಬಳ್ಳಿಗೋ ಗೋವೆಯ ಬಾಂಬೋಳಿಗೋ ಓಡಬೇಕಾಗುವುದು. ಕಾರವಾರದಲ್ಲಿ 2016ರಿಂದ ಸರಕಾರೀ ವೈದ್ಯಕೀಯ ಕಾಲೇಜು ನಡೆದಿದ್ದರೂ, ಜಿಲ್ಲೆಗೆ ಎಲ್ಲ ಬಗೆಯ ತಜ್ಞರಿರುವ ಆಸ್ಪತ್ರೆ ಬೇಕೆಂಬ ಕೂಗು 2022ರಲ್ಲಿ ಎಷ್ಟು ಬಲವಾಗಿ ಎದ್ದಿತೆಂಬುದನ್ನು ಓದುಗರು ಮರೆತಿರಲಾರರು. ದೂರದ ಆಸ್ಪತ್ರೆಯಿಂದ ಚೀಟಿ ಹಿಡಿದು ಮರಳಿದ ರೋಗಿಗೆ ಊರಿನಲ್ಲಿ ಸಿಗುವ ಏಕೈಕ ಬಲ್ಲವನು ಔಷಧದ ಅಂಗಡಿಯವನೇ. ಹೃದಯದ ಕಾಯಿಲೆಗಾಗಿ ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಸೇವಿಸುತ್ತಿರುವ ಮುದುಕಿಯೊಬ್ಬಳು ಮೊಣಕಾಲ ನೋವಿಗೆಂದು ಆಸ್ಪಿರಿನ್ ಗುಳಿಗೆಯನ್ನು ಕೇಳಿದರೆ, ಹಣ ಎಣಿಸಿಕೊಂಡು ಕೊಡುವವನು ಬೇರೆ. "ಅಜ್ಜೀ, ಇವೆರಡು ಕೂಡಿದರೆ ಒಳಗೆ ರಕ್ತ ಸೋರೀತು, ಡಾಕ್ಟರರನ್ನು ಕೇಳದೆ ಬೇಡ" ಎನ್ನುವವಳು ಬೇರೆ. ಮಗುವಿನ ತೂಕವನ್ನು ಕೇಳಿ ಔಷಧದ ಅಳತೆಯನ್ನು ಹೇಳುವುದು, ಜ್ವರ ಇಳಿದೊಡನೆ ಗುಳಿಗೆಯನ್ನು ನಡುವೆ ಬಿಡಬಾರದೆಂದು ತಾಯಿಗೆ ತಿಳಿಸುವುದು, ಹೆಂಗಸರು ಗಂಡಸರೆದುರು ಹೇಳಲಾರದ ಕಾಯಿಲೆಯನ್ನು ಕಿವಿಗೊಟ್ಟು ಕೇಳುವುದು, ಇವೆಲ್ಲವೂ ಒಬ್ಬ ಸುಶಿಕ್ಷಿತ ಹೆಣ್ಣುಮಗಳಿಂದ ಎಷ್ಟು ಚೆನ್ನಾಗಿ ನೆರವೇರಬಹುದು! 2008ರಲ್ಲಿ ಆರಂಭವಾದ ಜನೌಷಧಿ ಅಂಗಡಿಗಳಿಗೂ ನೋಂದಾಯಿತ ಫಾರ್ಮಸಿಸ್ಟರು ಬೇಕೇ ಬೇಕು. ಊರಲ್ಲಿಯೇ ಇದ್ದು ಊರಿಗೆ ಉಪಕಾರ ಮಾಡುತ್ತ ಗೌರವದಿಂದ ಸಂಪಾದಿಸಬಹುದಾದ ಉದ್ಯೋಗಗಳು ಹೆಣ್ಣುಮಕ್ಕಳಿಗೆ ಬಹಳ ಇಲ್ಲ, ಇದು ಅವುಗಳಲ್ಲೊಂದು.

ಈ ವಿದ್ಯೆಯ ಮನೆಗೆ ಎರಡು ಬಾಗಿಲುಗಳಿವೆ. ಮೊದಲನೆಯದು ಸಿಇಟಿ ಎಂದು ಎಲ್ಲರೂ ಬಲ್ಲ ಸರಕಾರದ ಪರೀಕ್ಷೆ. ಸುಪ್ರೀಂ ಕೋರ್ಟಿನ 1993ರ ಉನ್ನಿಕೃಷ್ಣನ್ ತೀರ್ಪಿನ ತರುವಾಯ 1994ರಲ್ಲಿ ಇದಕ್ಕಾಗಿ ಪ್ರತ್ಯೇಕ ಘಟಕವೊಂದು ಏರ್ಪಟ್ಟಿತು. ಈಗ ಅದು ಕರ್ನಾಟಕ ಪರೀಕ್ಷಾ ಪ್ರಾಧಿಕಾರವೆನಿಸಿದೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಇಲ್ಲವೆ ಗಣಿತ, ಒಂದೊಂದಕ್ಕೆ 60 ಅಂಕಗಳು. ಪಿಯುಸಿಯ ಅಂಕಗಳಿಂದ ಅರ್ಧ, ಈ ಪರೀಕ್ಷೆಯಿಂದ ಅರ್ಧ, ಎರಡನ್ನೂ ಕೂಡಿಸಿ ರ‍್ಯಾಂಕನ್ನು ನಿರ್ಣಯಿಸುವರು. ಬಳಿಕ ದಾಖಲೆಗಳ ಪರಿಶೀಲನೆ, ಕಾಲೇಜುಗಳ ಇಚ್ಛೆಯನ್ನು ನಮೂದಿಸುವುದು, ಅಣಕು ಹಂಚಿಕೆ, ಮೊದಲ ಸುತ್ತು, ಎರಡನೆಯ ಸುತ್ತು. ಒಂದೊಂದು ಸುತ್ತಿನಲ್ಲಿಯೂ ಸೀಟು ದೊರೆತವಳು ನಾಲ್ಕು ಉತ್ತರಗಳಲ್ಲೊಂದನ್ನು ಕೊಡಬೇಕು: ಒಪ್ಪಿದೆನು, ಸೇರುವೆನು, ಒಪ್ಪಿದೆನು, ಆದರೆ ಮೇಲಿನದಕ್ಕಾಗಿ ಕಾಯುವೆನು, ಒಪ್ಪೆನು, ಆದರೆ ಮುಂದಿನ ಸುತ್ತಿಗೆ ಇರುವೆನು, ಒಪ್ಪೆನು, ಹೊರಟೆನು. ಎರಡನೆಯದು ಸಂಸ್ಥೆಗಳ ಬಾಗಿಲು. ಆಡಳಿತ ಮಂಡಳಿಯ ಪಾಲಿನ ಸೀಟುಗಳಿಗಾಗಿ ಕೆಲವು ಸಂಸ್ಥೆಗಳು ಹುಡುಗಿಯನ್ನೂ ಪಾಲಕರನ್ನೂ ಕರೆಯಿಸಿ, ಎದುರಿಗೆ ಕೂರಿಸಿ ಸಂದರ್ಶನ ನಡೆಸುತ್ತವೆ. ಮೊದಲನೆಯ ಬಾಗಿಲಿನಲ್ಲಿ ಯಂತ್ರವು ಕೇಳುತ್ತದೆ, ಎರಡನೆಯದರಲ್ಲಿ ಮನುಷ್ಯರು ಕೇಳುತ್ತಾರೆ. ಆದರೆ ಕಾಯಿಸುವುದರಲ್ಲಿ ಎರಡೂ ಒಂದೇ.

ಮನುಷ್ಯರು ಕೇಳುವ ಪ್ರಶ್ನೆಗಳ ಬಗೆಗೆ ಒಂದು ಮಾತು. ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಹೀಗೊಂದು ಸಂದರ್ಶನಕ್ಕೆ ಹೋಗಿದ್ದಳು. ಅಂಕೋಲೆಯ ಕಡಲತಡಿಯ ಹುಡುಗಿ. ತಾಯಿ ಮೀನು ಮಾರಿ ಮಕ್ಕಳನ್ನು ಓದಿಸಿದವಳು. ರಸಾಯನಶಾಸ್ತ್ರದ ನಾಲ್ಕು ಪ್ರಶ್ನೆಗಳಿಗೆ ನೆಟ್ಟಗೆ ಉತ್ತರ ಕೊಟ್ಟ ಮೇಲೆ ಐದನೆಯ ಪ್ರಶ್ನೆಯಾಗಿ, "ನಡುವೆ ಮದುವೆ ಗೊತ್ತಾದರೆ ಸೀಟು ವ್ಯರ್ಥವಾಗುವುದಲ್ಲವೇ?" ಎಂದು ಅವಳನ್ನು ಕೇಳಿದರಂತೆ. ಅದೇ ದಿನ ಅದೇ ಕೋಣೆಗೆ ಹೋದ ನೆಂಟರ ಹುಡುಗನಿಗೆ ಆ ಪ್ರಶ್ನೆ ಬರಲಿಲ್ಲ. ಕೊನೆಯಲ್ಲಿ "ತಿಳಿಸುತ್ತೇವೆ" ಎಂದರು. ನಲವತ್ತು ದಿನಗಳ ವರೆಗೆ ಯಾವ ತಿಳಿವೂ ಬರಲಿಲ್ಲ. ಆ ನಲವತ್ತು ದಿನಗಳಲ್ಲಿ ಏನಾಯಿತೆಂದರೆ, ಮನೆಗೆ ಒಂದು ಸಂಬಂಧ ಬಂದಿತು. ಸುಮ್ಮನೆ ಮನೆಯಲ್ಲಿ ಕುಳಿತಿರುವ ಹುಡುಗಿ ಎಂಬ ಮಾತು ಕೇರಿಯಲ್ಲಿ ಹಬ್ಬಲು ನಲವತ್ತು ದಿನಗಳು ಬೇಕೇ? ದೊಡ್ಡಪ್ಪಂದಿರು "ಕಾಲೇಜಿನವರೇ ಬೇಡವೆಂದ ಮೇಲೆ ಇನ್ನೇನು ನೋಡುವುದು?" ಎಂದರು. ಯಾರೂ ಬೇಡವೆಂದಿರಲಿಲ್ಲ, ಯಾರೂ ಏನನ್ನೂ ಹೇಳಿರಲಿಲ್ಲ, ಅಷ್ಟೇ. ಆದರೆ ನಮ್ಮ ಸಮಾಜದಲ್ಲಿ ಗಂಡುಮಗನಿಗೆ ಉತ್ತರ ಬಾರದಿದ್ದರೆ "ಇನ್ನೂ ಬಂದಿಲ್ಲ" ಎನ್ನುವರು, ಹೆಣ್ಣುಮಗಳಿಗೆ ಬಾರದಿದ್ದರೆ "ಇಲ್ಲ" ಎನ್ನುವರು. ಆ ತಾಯಿ ಮಾತ್ರ, "ಸರಕಾರದ ಯಾದಿಯ ಕೊನೆಯ ಸುತ್ತು ಮುಗಿಯುವ ತನಕ ನನ್ನ ಹೊಸ್ತಿಲೊಳಗೆ ಆ ಮಾತು ಬೇಡ" ಎಂದು ಗಟ್ಟಿಯಾಗಿ ನಿಂತಳು. ಎರಡನೆಯ ಸುತ್ತಿನಲ್ಲಿ ಹುಡುಗಿಗೆ ಬೇರೊಂದು ಊರಿನಲ್ಲಿ ಸೀಟು ದೊರೆಯಿತು. ಸಂದರ್ಶನ ನಡೆಸಿದವರ ಉತ್ತರ ಮಾತ್ರ ಇಂದಿಗೂ ಬಂದಿಲ್ಲ.

ಇಂಥ ನಿರೀಕ್ಷೆಯು ಯಾರೋ ಒಬ್ಬಿಬ್ಬರ ದುರದೃಷ್ಟವೆಂದು ತಿಳಿಯಬಾರದು. ಇತ್ತೀಚಿನ ವರ್ಷಗಳ ವೃತ್ತಾಂತವನ್ನು ನೋಡಿರಿ. ಕೋವಿಡ್ ಪಿಡುಗಿನ ಕಾರಣದಿಂದ 2021ರಲ್ಲಿ ಪಿಯುಸಿಯ ಪರೀಕ್ಷೆಯೇ ನಡೆಯಲಿಲ್ಲ. ಹಿಂದಿನ ಅಂಕಗಳನ್ನು ನೋಡಿ ಎಲ್ಲರನ್ನೂ ತೇರ್ಗಡೆ ಮಾಡಿದರು. ಆ ಸಾಲಿನ ಮಕ್ಕಳಲ್ಲಿ ಸುಮಾರು 24,000 ಮಂದಿ 2022ರಲ್ಲಿ ಮತ್ತೊಮ್ಮೆ ಸಿಇಟಿಗೆ ಕುಳಿತರು. ಜುಲೈ 30ರಂದು ಫಲಿತಾಂಶ ಬಂದಾಗ ಅವರ ಪಿಯುಸಿ ಅಂಕಗಳನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಮಕ್ಕಳು ನ್ಯಾಯಾಲಯಕ್ಕೆ ಹೋದರು. ಸೆಪ್ಟೆಂಬರ್ 3ರಂದು ಉಚ್ಚ ನ್ಯಾಯಾಲಯವು ಆ ನಿರ್ಣಯವನ್ನು ರದ್ದುಮಾಡಿತು. ಸರಕಾರವು ಮೇಲ್ಮನವಿ ಹಾಕಿತು. ಕೊನೆಗೆ ಒಂದು ಮಧ್ಯಮಾರ್ಗಕ್ಕೆ ನ್ಯಾಯಾಲಯದ ಸಮ್ಮತಿ ದೊರೆತು, ಅಕ್ಟೋಬರ್ ತಿಂಗಳ ಆರಂಭದಲ್ಲಿ ಹೊಸ ಯಾದಿ ಹೊರಬಿದ್ದಿತು. ಎರಡು ತಿಂಗಳು ರಾಜ್ಯದ ಮಕ್ಕಳೆಲ್ಲರ ಭವಿಷ್ಯವು ತೂಗುಯ್ಯಾಲೆಯಲ್ಲಿದ್ದಿತು. 2024ರ ಏಪ್ರಿಲ್ 18, 19ರಂದು ನಡೆದ ಪರೀಕ್ಷೆಯಲ್ಲಿ ಪಾಠಕ್ರಮದ ಹೊರಗಿನ ಪ್ರಶ್ನೆಗಳು ಬಂದು, ಅವುಗಳಲ್ಲಿ 50ನ್ನು ಬಿಟ್ಟು ಅಂಕ ಎಣಿಸಬೇಕಾಯಿತು.

ಔಷಧಶಾಸ್ತ್ರಕ್ಕೆ ಇದರ ಮೇಲೆ ಇನ್ನೊಂದು ತೊಡಕುಂಟು. ಪರಿಷತ್ತಿನ ಮನ್ನಣೆ ಇಲ್ಲದೆ ಯಾವ ಕಾಲೇಜೂ ಮಕ್ಕಳನ್ನು ಸೇರಿಸಿಕೊಳ್ಳುವಂತಿಲ್ಲ. ಹೊಸ ಕಾಲೇಜುಗಳು ಮಿತಿಮೀರಿ ಹುಟ್ಟುತ್ತಿವೆಯೆಂದು ಪರಿಷತ್ತು 2019ರಲ್ಲಿ ಐದು ವರ್ಷಗಳ ತಡೆಯನ್ನು ಹಾಕಿತು. ಹಲವು ಸಂಸ್ಥೆಗಳು ಅದನ್ನು ಪ್ರಶ್ನಿಸಿದವು. ಹಾಸನದ ರಾಜೀವ್ ಫಾರ್ಮಸಿ ಕಾಲೇಜಿನ ಹೆಸರಿನಿಂದಲೇ ಆ ಮೊಕದ್ದಮೆ ಸುಪ್ರೀಂ ಕೋರ್ಟಿನ ದಫ್ತರದಲ್ಲಿ ಉಳಿದಿದೆ. 2022ರ ಸೆಪ್ಟೆಂಬರದಲ್ಲಿ ಆ ನ್ಯಾಯಾಲಯವು, ಇಂಥ ತಡೆಯನ್ನು ಕೇವಲ ಒಂದು ಠರಾವಿನಿಂದ ಹೇರುವ ಅಧಿಕಾರ ಪರಿಷತ್ತಿಗಿಲ್ಲವೆಂದು ತೀರ್ಮಾನಿಸಿತು. ಯಾರದು ಸರಿ ಯಾರದು ತಪ್ಪೆಂಬುದು ನಮ್ಮ ವಿಚಾರವಲ್ಲ. ಕಾಲೇಜಿಗೆ ಪರಿಷತ್ತಿನ ಉತ್ತರ ಬರಬೇಕು, ಪ್ರಾಧಿಕಾರಕ್ಕೆ ಕಾಲೇಜಿನ ಉತ್ತರ ಬರಬೇಕು, ಹುಡುಗಿಗೆ ಪ್ರಾಧಿಕಾರದ ಉತ್ತರ ಬರಬೇಕು. ಮೇಲಿನವರೊಬ್ಬರು ತಡಮಾಡಿದರೆ ಎಲ್ಲಕ್ಕೂ ಕೆಳಗಿರುವವಳ ತಲೆಯ ಮೇಲೆ ಎಲ್ಲರ ತಡವೂ ಕೂಡಿ ಬೀಳುವುದು.

ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಮಳೆಯೂ ಕೈಗೂಡಿಸುತ್ತದೆ. 2024ರ ಜುಲೈ 16ರಂದು ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೂ ಗಂಗಾವಳಿಯ ಪಾತ್ರವೂ ಮಣ್ಣಿನಡಿಯಾದವು, ಜೀವಗಳು ಹೋದವು, ದಕ್ಷಿಣಕ್ಕೆ ಹೋಗುವ ದಾರಿ ಅನೇಕ ದಿನ ಮುಚ್ಚಿತ್ತು. ಆಗಸ್ಟ್ 7ರ ನಡುರಾತ್ರಿಯ ಬಳಿಕ ಕಾರವಾರಕ್ಕೂ ಸದಾಶಿವಗಡಕ್ಕೂ ನಡುವಣ ಹಳೆಯ ಕಾಳೀ ಸೇತುವೆ ಕುಸಿಯಿತು. ಇದೆಲ್ಲ ನಡೆದುದು ಮಕ್ಕಳು ಸೀಟಿಗಾಗಿ ಕಾಯುತ್ತಿದ್ದ ದಿನಗಳಲ್ಲಿಯೇ. ಗಾಳಿಮಳೆಗೆ ವಿದ್ಯುತ್ತು ಹೋಗುವುದು, ಮೊಬೈಲಿಗೆ ಸಂಕೇತ ಸಿಗದಿರುವುದು, ತಂದೆ ಗೋವೆಯ ಕೆಲಸದಲ್ಲಿರುವುದು, ಹಣವನ್ನು ಸಂಘದಿಂದ ತರಬೇಕಾಗಿರುವುದು, ಇವೆಲ್ಲ ಐನೂರಕ್ಕೆ ಮಿಕ್ಕಿ ಕಿಲೋಮೀಟರು ದೂರದ ಬೆಂಗಳೂರಿನ ಕಚೇರಿಗೆ ಹೇಗೆ ತಿಳಿಯಬೇಕು? ಎರಡು ತಿಂಗಳು ಕಾಯಿಸಿದ ಮೇಲೆ ಎರಡು ಮೂರು ದಿನಗಳಲ್ಲಿ ಉತ್ತರ ಕೊಡು ಎಂದರೆ, ಕಾಯುವ ಪಾಲೆಲ್ಲವೂ ಹುಡುಗಿಯದು, ಅವಸರದ ಪಾಲೂ ಅವಳದೇ ಆಯಿತು.

ತಾಳ್ಮೆಯು ಹೆಣ್ಣಿಗೆ ಭೂಷಣ, ಕಾಯುವುದರಿಂದ ಮನಸ್ಸು ಪಕ್ವವಾಗುವುದು, ಇದನ್ನೇಕೆ ದೂರುತ್ತೀರಿ ಎಂದು ಹೇಳುವ ಹಿರಿಯರಿದ್ದಾರೆ. ಅವರ ಮೇಲೆ ನಮಗೆ ಗೌರವವಿದೆ. ಶಿಕ್ಷಕಿಯರಾದ ನಾವು ತಾಳ್ಮೆಯನ್ನು ಕಲಿಸುವವರೇ ಹೊರತು ಕೆಡಿಸುವವರಲ್ಲ. ಆದರೆ ಇಲ್ಲಿ ಒಂದು ವಿವೇಚನೆ ಅಗತ್ಯ. ಬಿತ್ತಿದ ಭತ್ತವು ತೆನೆಯಾಗಲು ಬೇಕಾದ ಕಾಲವನ್ನು ಯಾರೂ ಕಡಿಮೆ ಮಾಡಲಾರರು. ಅಂಕೋಲೆಯ ಇಶಾಡು ಮಾವು ತನ್ನ ತಿಂಗಳಿಗೇ ಹಣ್ಣಾಗುವುದು. ಅಲ್ಲಿ ಕಾಯುವುದು ವಿವೇಕ. ಕಡತವು ಮೇಜಿನ ಮೇಲೆ ಮಲಗಿರುವುದರಿಂದ ಅದು ಪಕ್ವವಾಗುವುದಿಲ್ಲ. ಅಲ್ಲಿ ಕಾಯುವುದನ್ನು ಸದ್ಗುಣವೆಂದು ಹೊಗಳಿದರೆ, ಮಲಗಿಸಿದವರ ಆಲಸ್ಯಕ್ಕೆ ನಾವೇ ಜೋಗುಳ ಹಾಡಿದಂತಾಗುವುದು.

ಈ ಉದ್ಯೋಗದ ಇತಿಹಾಸದಲ್ಲಿಯೇ ಇದಕ್ಕೊಂದು ನಿದರ್ಶನವುಂಟು. ಇಂಗ್ಲೆಂಡಿನಲ್ಲಿ ಇಸಬೆಲ್ಲಾ ಕ್ಲಾರ್ಕ್ ಎಂಬ ಮಹಿಳೆ 1875ರಲ್ಲಿ ಅಲ್ಲಿಯ ಫಾರ್ಮಸಿ ಸಂಘದ ಹಿರಿಯ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿದಳು. ಪರೀಕ್ಷೆಗೆ ಶುಲ್ಕವನ್ನು ತೆಗೆದುಕೊಂಡವರು ಸದಸ್ಯತ್ವವನ್ನು ಮಾತ್ರ ಕೊಡಲಿಲ್ಲ, ಹೆಂಗಸೆಂಬುದೊಂದೇ ಕಾರಣ. ಆಕೆಯೂ ರೋಸ್ ಮಿನ್ಶಲ್ ಎಂಬ ಇನ್ನೊಬ್ಬಳೂ ಮತ್ತೆ ಮತ್ತೆ ಅರ್ಜಿ ಹಾಕಿ, 1879ರಲ್ಲಿ ಆ ಸಂಘವನ್ನು ಪ್ರವೇಶಿಸಿದರು. ಈ ನಡುವಣ ವರ್ಷಗಳಲ್ಲಿ ಇಸಬೆಲ್ಲಾ ಅಳುತ್ತ ಕೂರಲಿಲ್ಲ. ಲಂಡನ್ನಿನಲ್ಲಿ ತನ್ನದೇ ಔಷಧದ ಅಂಗಡಿಯನ್ನು ತೆರೆದಳು. 1905ರಲ್ಲಿ ಮಹಿಳಾ ಫಾರ್ಮಸಿಸ್ಟರ ಸಂಘ ಹುಟ್ಟಿದಾಗ ಆಕೆಯೇ ಅದರ ಮೊದಲ ಅಧ್ಯಕ್ಷಿಣಿ. ಆಕೆಯ ತಾಳ್ಮೆ ಮೆಚ್ಚತಕ್ಕದ್ದೇ. ಆದರೆ ಬಾಗಿಲು ತೆರೆದುದು ತಾಳ್ಮೆಯೊಂದರಿಂದಲ್ಲ, ಬಿಡದೆ ಕೇಳಿದುದರಿಂದ.

ಆದುದರಿಂದ ನಾವೂ ಕೇಳುತ್ತೇವೆ. ಪ್ರವೇಶವನ್ನು ನಿರ್ಣಯಿಸುವವರಲ್ಲಿ, ಅವರು ಸರಕಾರದವರಾಗಲಿ ಸಂಸ್ಥೆಗಳವರಾಗಲಿ, ನಮ್ಮ ಬಿನ್ನಹಗಳು ನಾಲ್ಕು. ಮೊದಲನೆಯದು, ಉತ್ತರದ ದಿನವನ್ನು ಮೊದಲೇ ಹೇಳಿರಿ. ಆ ದಿನ ತಪ್ಪುವುದಾದರೆ, ತಪ್ಪುವುದೆಂಬುದನ್ನೂ ಹೊಸ ದಿನವನ್ನೂ ಆ ದಿನಕ್ಕೆ ಮುಂಚೆಯೇ ಹೇಳಿರಿ. ಎರಡನೆಯದು, ಸಂದರ್ಶನ ಮಾಡಿದವರೆಲ್ಲರಿಗೂ ಉತ್ತರ ಕೊಡಿರಿ. "ಇಲ್ಲ" ಎಂಬುದೂ ಒಂದು ಉತ್ತರವೇ. ಅದು ಒಂದು ರಾತ್ರಿ ಅಳಿಸೀತು, ಆದರೆ ಮರುದಿನ ಬೇರೆ ದಾರಿಯನ್ನು ನೋಡಲು ಬಿಡುವುದು. ನಿರೀಕ್ಷಕರ ಯಾದಿಯಲ್ಲಿರಿಸಿದರೆ ಎಷ್ಟನೆಯವಳೆಂಬುದನ್ನು ತಿಳಿಸಿರಿ. ಮೂರನೆಯದು, ಗಂಡುಮಕ್ಕಳಿಗೆ ಕೇಳದ ಪ್ರಶ್ನೆಯನ್ನು ಹೆಣ್ಣುಮಕ್ಕಳಿಗೂ ಕೇಳಬೇಡಿರಿ. ನಾಲ್ಕನೆಯದು, ಬೇರೆಡೆ ಸೀಟು ದೊರೆತವಳ ಹಣವನ್ನೂ ಮೂಲ ಪ್ರಮಾಣಪತ್ರಗಳನ್ನೂ ಹಿಡಿದಿಡಬೇಡಿರಿ. ಮೂಲಪತ್ರಗಳನ್ನು ಪರಿಶೀಲಿಸಿ ಕೂಡಲೇ ಹಿಂದಿರುಗಿಸಬೇಕೆಂದೂ, ಪ್ರವೇಶದ ಕೊನೆಯ ದಿನಕ್ಕೆ 15 ದಿನ ಮುಂಚೆಯೇ ಬಿಟ್ಟವರಿಗೆ ಅಲ್ಪ ಕಚೇರಿ ವೆಚ್ಚವನ್ನಷ್ಟೇ ಕಳೆದು ಶುಲ್ಕವನ್ನೆಲ್ಲ ಮರಳಿಸಬೇಕೆಂದೂ ವಿಶ್ವವಿದ್ಯಾಲಯ ಅನುದಾನ ಆಯೋಗವು 2018ರ ಅಕ್ಟೋಬರದಲ್ಲಿಯೇ ಅಧಿಸೂಚಿಸಿದೆ. ಇವುಗಳಲ್ಲಿ ಯಾವುದಕ್ಕೂ ಹೊಸ ಕಟ್ಟಡ ಬೇಡ, ಹೊಸ ಅನುದಾನ ಬೇಡ. ಕಾಯುವವಳೂ ಮನುಷ್ಯಳೆಂಬ ಎಣಿಕೆಯೊಂದು ಸಾಕು.

ಇನ್ನು ಪಾಲಕರಲ್ಲಿ ಒಂದೆರಡು ಮಾತು. ಉತ್ತರ ಬಾರದಿರುವುದನ್ನು ನಿರಾಕರಣೆಯೆಂದು ತಿಳಿಯಬೇಡಿರಿ. ಕೊನೆಯ ಸುತ್ತು ಮುಗಿಯುವ ಮೊದಲು ಮಗಳ ಓದಿನ ಬಗೆಗೆ ಕೊನೆಯ ಮಾತನ್ನಾಡಬೇಡಿರಿ. ಸಂಬಂಧಗಳು ಮುಂದಿನ ವರ್ಷವೂ ಬರುವವು, ಓದುವ ವಯಸ್ಸು ಬರಲಾರದು. ದಲ್ಲಾಳಿಗಳು ಈ ದಿನಗಳಲ್ಲಿಯೇ ಮನೆ ಹುಡುಕಿ ಬರುವರೆಂಬುದನ್ನು ನೆನಪಿನಲ್ಲಿಡಿರಿ. "ಇಂದು ಮುಂಗಡ ಕೊಡದಿದ್ದರೆ ನಾಳೆ ಸೀಟಿಲ್ಲ" ಎಂಬುದೇ ಅವರ ಮಂತ್ರ. ಹಣ ಕೊಡುವ ಮೊದಲು ಆ ಕಾಲೇಜಿಗೂ ಆ ಶಿಕ್ಷಣಕ್ರಮಕ್ಕೂ ಆ ವರ್ಷಕ್ಕೆ ಫಾರ್ಮಸಿ ಪರಿಷತ್ತಿನ ಮನ್ನಣೆ ಉಂಟೋ ಎಂದು ನೋಡಿರಿ. ಮನ್ನಣೆಯಿಲ್ಲದ ಕಡೆ ಓದಿದವಳ ಹೆಸರು ರಾಜ್ಯದ ಫಾರ್ಮಸಿಸ್ಟರ ದಫ್ತರವನ್ನು ಸೇರಲಾರದು, ಅಲ್ಲಿ ಹೆಸರಿಲ್ಲದವಳು ಔಷಧವನ್ನು ಕೊಡುವಂತಿಲ್ಲ. ಗೋವೆಯು ಕಣ್ಣಿಗೆ ಹತ್ತಿರವೆಂದು ಅಲ್ಲಿಯ ಸರಕಾರೀ ಕಾಲೇಜನ್ನೇ ನಂಬಿ ಕೂರಬೇಡಿರಿ. ಅಲ್ಲಿಯ ಸೀಟುಗಳು ಬಹುಮಟ್ಟಿಗೆ ಅಲ್ಲಿಯ ನಿವಾಸಿಗಳಿಗೇ ಮೀಸಲು. ಇನ್ನು ಡಿ.ಫಾರ್ಮ್. ಎಂದರೆ ಮೂಗು ಮುರಿಯುವವರಿದ್ದಾರೆ. ಎರಡು ವರ್ಷ ಓದಿ, ನಿಯಮದಂತೆ ತರಬೇತಿಯನ್ನೂ ಪರೀಕ್ಷೆಗಳನ್ನೂ ಮುಗಿಸಿ, ಊರಿನಲ್ಲಿ ಕೆಲಸ ಹಿಡಿಯಬಹುದು. ಮುಂದೆ ಓದಬೇಕೆಂದರೆ ಬಿ.ಫಾರ್ಮ್.ದ ಎರಡನೆಯ ವರ್ಷಕ್ಕೇ ಸೇರಬಹುದು. ಸಣ್ಣ ಮೆಟ್ಟಿಲೆಂದು ಮೆಟ್ಟಿಲನ್ನೇ ಬಿಟ್ಟವರು ಅಟ್ಟವನ್ನು ಏರಿದ್ದುಂಟೇ?

ಪ್ರಿಯ ವಿದ್ಯಾರ್ಥಿನಿಯರೇ, ಕೊನೆಯ ಮಾತು ನಿಮಗೆ. ಇಚ್ಛೆಗಳನ್ನು ನಮೂದಿಸುವಾಗ ನಿಮಗೆ ನಿಜವಾಗಿ ಬೇಕಾದುದನ್ನು ಮೊದಲು ಬರೆಯಿರಿ, ಸಿಕ್ಕೀತೆಂದು ಊಹಿಸಿದುದನ್ನಲ್ಲ. ಯಂತ್ರವು ನೀವು ಬರೆದ ಕ್ರಮವನ್ನೇ ನೋಡುವುದು, ನಿಮ್ಮ ಮನಸ್ಸನ್ನು ನೋಡಲಾರದು. ಅಣಕು ಹಂಚಿಕೆಯಲ್ಲಿ ಹೆಸರು ಕಾಣದಿದ್ದರೆ ಎದೆಗುಂದಬೇಡಿರಿ, ಕಂಡರೆ ಹಿಗ್ಗಲೂ ಬೇಡಿರಿ. ಅದು ನಿಮ್ಮ ಕ್ರಮವನ್ನು ತಿದ್ದಿಕೊಳ್ಳಲು ದೊರೆತ ಅವಕಾಶ ಮಾತ್ರ. ಸೀಟು ಬಂದರೆ ನಾಲ್ಕು ಉತ್ತರಗಳಲ್ಲಿ ಯಾವುದನ್ನು ಕೊಡುವಿರೆಂಬುದನ್ನು ತಂದೆತಾಯಿಯರೊಡನೆ ಕುಳಿತು ಮೊದಲೇ ಗೊತ್ತುಮಾಡಿಕೊಳ್ಳಿರಿ. ಹತ್ತಿರದ ಕಾಲೇಜಿನಲ್ಲಿ ಬಿ.ಎಸ್‌ಸಿ.ಗೆ ಹೆಸರು ಹಚ್ಚಿಡುವುದು ಸೋಲಲ್ಲ. ದಿನಕ್ಕೊಂದು ಪಾಠ ಕಿವಿಗೆ ಬೀಳುವುದು, ಮನೆಯಲ್ಲಿ ಸುಮ್ಮನೆ ಕುಳಿತವಳೆಂಬ ಮಾತೂ ಹುಟ್ಟದು. ಆದರೆ ಅಲ್ಲಿಯೂ ಮೂಲಪತ್ರಗಳನ್ನು ಮರಳಿ ಪಡೆಯುವ ಬಗೆಯನ್ನು ಕೇಳಿಕೊಂಡೇ ಸೇರಿರಿ. ಸಂದರ್ಶನ ಕೊಟ್ಟ ಕಡೆಗೆ ಹದಿನೈದು ದಿನಗಳ ಮೇಲೆ ವಿನಯದಿಂದ ಒಂದು ಪತ್ರ ಬರೆಯಿರಿ. ತನ್ನ ವಿಷಯವಾದ ನಿರ್ಣಯವನ್ನು ಕೇಳುವುದು ಉದ್ಧಟತನವಲ್ಲ. ನಾಳೆ ಔಷಧದ ಕಟ್ಟೆಯ ಹಿಂದೆ ನಿಂತು, ದೊಡ್ಡ ಡಾಕ್ಟರರ ಚೀಟಿಯಲ್ಲಿ ಸಂಶಯ ಬಂದಾಗ ಅವರಿಗೆ ಫೋನು ಮಾಡಿ ಕೇಳಬೇಕಾದವರು ನೀವು. ಇಂದು ನಿಮ್ಮ ಹಕ್ಕಿಗಾಗಿ ಕೇಳಲು ನಾಚಿದವರು ನಾಳೆ ರೋಗಿಯ ಪ್ರಾಣಕ್ಕಾಗಿ ಕೇಳುವಿರೆಂದು ನಂಬುವುದು ಹೇಗೆ?

ಯಾದಿಯಲ್ಲಿ ಹೆಸರು ಬಾರದ ಮಕ್ಕಳೂ ಇರುವರು. ಅವರಿಗಾಗಿ ಶಾಲೆಯ ಬಾಗಿಲು ಸಹಿಗೆ ಮಾತ್ರವಲ್ಲ, ಸಲಹೆಗೂ ತೆರೆದಿರುವುದು. ಮುಂದಿನ ಅರ್ಜಿಯ ಕಾಗದವನ್ನು ತೆಗೆದುಕೊಂಡು ಬರಲಿ. ಉಳಿದ ನಾಗರಿಕರೂ ಒಂದು ಉಪಕಾರವನ್ನು ಮಾಡಬಹುದು. ಮಳೆಗಾಲದಲ್ಲಿ ದಾರಿಯಲ್ಲಿ ಸಿಕ್ಕಿದ ಹುಡುಗಿಯನ್ನು "ಏನಾಯಿತೇ ನಿನ್ನ ಸೀಟು?" ಎಂದು ದಿನವೂ ಕೇಳುವುದನ್ನು ಬಿಟ್ಟು, ಆ ಪ್ರಶ್ನೆಯನ್ನು ಉತ್ತರ ಕೊಡಬೇಕಾದವರಿಗೆ ಕೇಳಲಿ. ತಾಲೂಕಿನಿಂದ ಹತ್ತು ಪಾಲಕರು ಕೂಡಿ ಬರೆದ ಒಂದು ಅರ್ಜಿಯು, ಹತ್ತು ಮನೆಗಳಲ್ಲಿ ಬೇರೆ ಬೇರೆಯಾಗಿ ಬಿಟ್ಟ ನಿಟ್ಟುಸಿರಿಗಿಂತ ಹೆಚ್ಚು ದೂರ ಹೋಗುವುದು. ಅಂಥ ಅರ್ಜಿಯನ್ನು ಬರೆಯಲು ಮುಂದೆ ಬರುವವರಿಗೆ ನಮ್ಮ ಶಾಲೆಯ ಕೋಣೆಯೂ ಲೇಖನಿಯೂ ಸಿದ್ಧವಾಗಿವೆ.